ಮಕ್ಕಳ ಪಾಲಿನ ಬೆಲ್ಲದ ಕಾಫಿ

ತೋಟದ ಆ ರೈಟರನ ಮೇಲಿನ ಸಿಟ್ಟು ನನಗಿನ್ನೂ ಆರಿಲ್ಲ. ಆರಬಾರದು ಅಂತಲೇ ಆಗಾಗ ಊದಿ ಉರಿಸುತ್ತೇನೆ.

ಸಿದ್ದಾಪುರದ ಹತ್ತಿರ ಕಾಫಿ ಎಸ್ಟೇಟಿನ ಲೈನಿನಲ್ಲಿ, ಕೂಲಿಯವರ ಸಾಲುಮನೆಗಳಲ್ಲಿ, ನಾವಿದ್ದದ್ದು. ಹಣ್ಣು ಕೀಳುವ ಪಿಕಿಂಗ್ ಶುರುವಾದರೆ ತಾಯಂದಿರೆಲ್ಲ ಬೆಳಗ್ಗೆಯೇ ತೋಟಕ್ಕೆ. ಮಕ್ಕಳು ಗಿಡದ ಬುಡದಲ್ಲಿ ಹಾಸಿದ ಚೀಲದ ಮೇಲೆ. ಅವು ಹಸಿದು ಅತ್ತರೆ ನಮ್ಮ ಕೈ ನಿಲ್ಲುತ್ತದೆ. ಅದಕ್ಕೆ ಕೆಲಸ ನೋಡಿಕೊಳ್ಳುವ ರೈಟರ್ ಒಂದು ಉಪಾಯ ಮಾಡಿದ್ದ. ದಿನಾ ಒಂದು ಬಕೆಟ್ ಬೆಲ್ಲದ ಕಾಫಿ, ಹಾಲಿಲ್ಲದ್ದು, ಮಕ್ಕಳಿಗೆಂದೇ ಬರುತ್ತಿತ್ತು. ಕುಡಿದವು ಸುಮ್ಮನಾಗುತ್ತಿದ್ದವು. ಪುಣ್ಯಾತ್ಮ ಅಂತ ನಾವೇ ಹೊಗಳಿದೆವು.

ಮೂರು ವರ್ಷದ ನನ್ನ ಮಗಳು ಗೋಡೆಯ ಮಣ್ಣು ಕೆರೆದು ತಿನ್ನತೊಡಗಿದಳು. ನಾಲ್ಕು ಹೆಜ್ಜೆ ನಡೆದರೆ ಎತ್ತಿಕೋ ಅನ್ನುವಳು. ಆಸ್ಪತ್ರೆಯ ನರ್ಸ್ ಅವಳ ಕೆಳರೆಪ್ಪೆ ಎಳೆದು ನೋಡಿ, "ರಕ್ತವೇ ಇಲ್ವಲ್ಲಮ್ಮ! ಊಟಕ್ಕೇನು ಕೊಡ್ತೀ?" ಅಂದರು. ಬೆಳಗ್ಗೆ ಗಂಜಿ, ಆಮೇಲೆ ಕಾಫಿ, ಸಂಜೆ ಅನ್ನ ಇದ್ದರೆ ಅನ್ನ ಅಂದೆ. "ಕಾಫಿ ಹಸಿವು ಮುಚ್ಚುತ್ತೆ ಅಷ್ಟೆ. ತಿಂದದ್ದರಲ್ಲಿರೋ ಕಬ್ಬಿಣಾಂಶವನ್ನೂ ಮೈಗೆ ಹತ್ತೋಕೆ ಬಿಡಲ್ಲ" ಅಂದರು. ಬಸ್ಸಿನಲ್ಲಿ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಊರು ಬರುವತನಕ ಹಲ್ಲು ಕಡಿದೆ.

ಲೈನಿನ ಹೆಂಗಸರಿಗೆಲ್ಲ ನರ್ಸ್ ಅಂದದ್ದನ್ನು ಹೇಳಿ, ನಾನು ಸಮಯ ಕಾದೆ. ಗಿಡದಲ್ಲಿ ಹಣ್ಣು ತೂಗುವಾಗ, ಮೋಡ ಕಟ್ಟಿದ ದಿನ, ಹೆಂಗಸರೆಲ್ಲ ಚೀಲ ಕೆಳಗಿಟ್ಟು ಕೂತೆವು. ಮಳೆ ಬಿದ್ದರೆ ಹಣ್ಣು ನೆಲದ ಪಾಲು. ರೈಟರ್ ಓಡಿ ಬಂದ.

"ಏನಮ್ಮ ಇದು? ಧಣಿ ಬಂದ್ರೆ ನನ್ ಕೆಲ್ಸ ಹೋಗ್ತದೆ!"

"ಬರ್ಲಿ ಸಾರ್. ಮಕ್ಳಿಗೆ ಅನ್ನ ಬೇಯ್ಲಿ, ಆಮೇಲೆ ಪಿಕಿಂಗ್. ಅಲ್ಲೀತಂಕ ಬರೀ ಹೊಟ್ಟೇಲಿ ಈ ಕಾಫಿ ಕುಡ್ಕೊಂಡು ನಿಂತಿರಿ."

ಲೋಟ ತುಂಬಿ ಅವನ ಕೈಗಿಟ್ಟೆ. ಜೀಪಿನಲ್ಲಿ ಬಂದ ಧಣಿಗೆ ಮೋಡದ ಭಯ. ಕೇಳಿದ್ದಕ್ಕೆಲ್ಲ ಹೂಂ ಅಂದರು. ದಿನಾ ಮಕ್ಕಳಿಗೆ ಬಿಸಿ ಊಟ ಬೇಕು, ಬಡಿಸುವುದು ರೈಟರೇ ಆಗಬೇಕು ಅಂದೆ. ಅದಕ್ಕೂ ಹೂಂ. ಮಾಡಿದ್ದುಣ್ಣೋ ಮಹರಾಯ! ಅವನು ಬಗ್ಗಿ ಬಗ್ಗಿ ಅನ್ನ, ಹುರುಳಿ ಸಾರು, ಮೊಟ್ಟೆ ಬಡಿಸುವುದನ್ನು ಕಣ್ತುಂಬ ನೋಡಿದೆ. ಸುಖವಾಯಿತು, ಸುಳ್ಳೇಕೆ ಹೇಳಲಿ.

ಮಗಳು ಎರಡು ತುತ್ತು ಅನ್ನ ತಿಂದು ನಿಲ್ಲಿಸಿದಳು. ಮೊಟ್ಟೆಯನ್ನು ಫ್ರಾಕಿನಲ್ಲಿ ಸುತ್ತಿ ಬಚ್ಚಿಟ್ಟುಕೊಂಡಳು.

"ತಿನ್ನು ಪಾಪು" ಅಂದ ರೈಟರ್.

"ನಾಳೀಗೆ ಬೇಕು" ಅಂದಳು.

ಅವನು ತಲೆ ತಗ್ಗಿಸಿದ. ನನಗೆ ಅದು ಸಾಲದು.