ಘಾಟ್ ಹತ್ತಿದ ಚುಕ್ಕಿ

ಅಪ್ಪನ ಎದೆಗೆ ಸ್ಟೆಂಟ್ ಹಾಕಿಸಿ ಇನ್ನೂ ವರ್ಷ ತುಂಬಿರಲಿಲ್ಲ. ಅಂಥದ್ದರಲ್ಲಿ, ಪಂಢರಪುರಕ್ಕೆ ಹೊರಟ ಪಾಲಖಿಯ, ಅಂದರೆ ಪಲ್ಲಕ್ಕಿ ಯಾತ್ರೆಯ ಜೊತೆ ಪುಣೆಯಿಂದ ಸಾಸವಡದವರೆಗಾದರೂ ನಡೆದೇ ನಡೆಯುತ್ತೇನೆ ಎಂದು ಹಟ ಹಿಡಿದರು. ನಡುವೆ ದಿವೆ ಘಾಟ್ ಇದೆ. ಗಟ್ಟಿಮುಟ್ಟಾದವರೂ ಅಲ್ಲಿ ಏದುಸಿರು ಬಿಡುತ್ತಾರೆ.

"ಸಾಯಾಕ ಹೊಂಟೀರೇನು?" ಎಂದು ಅವ್ವ ಮಾತು ಬಿಟ್ಟಳು. ಆಮೇಲೆ ತಾನೇ ಒಂದು ಷರತ್ತು ಹಾಕಿದಳು. "ನೀವು ಎಲ್ಲಿದ್ದೀರಿ ಅನ್ನೋದು ನನಗ ಮನ್ಯಾಗ ಕುಂತು ಗೊತ್ತಾಗಬೇಕು. ಹಂಗಿದ್ರ ಹೋಗ್ರಿ."

ಹವ್ಯಾಸಿ ರೇಡಿಯೊದವರ ಮನೆಯಲ್ಲಿ ಇಂಥ ಷರತ್ತು ಹಾಕಲೇಬಾರದು. ಅಪ್ಪ ಧಾರವಾಡದಿಂದ ಬಂದು ಟೆಲಿಫೋನ್ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ರೇಡಿಯೊ ಲೈಸೆನ್ಸ್ ಅವರಿಗೂ ಇತ್ತು, ಅವರ ಕಾಟಕ್ಕೆ ಪರೀಕ್ಷೆ ಕಟ್ಟಿದ ನನಗೂ ಇತ್ತು. ಷರತ್ತು ಕೇಳಿದ್ದೇ ತಡ, ಅಪ್ಪನ ಮುಖ ಅರಳಿತು. ಒಂದು ಸಣ್ಣ ರೇಡಿಯೊ ಸೆಟ್ಟಿಗೆ ಜಿಪಿಎಸ್ ಜೋಡಿಸಿದರೆ ಅದು ಆಗಾಗ "ಇಲ್ಲಿದ್ದೇನೆ" ಎಂದು ಕೂಗುತ್ತದೆ. ಆ ಕೂಗನ್ನು ಮನೆಯಲ್ಲಿ ಇನ್ನೊಂದು ಸೆಟ್ ಕೇಳಿಸಿಕೊಂಡು ಕಂಪ್ಯೂಟರಿಗೆ ಕೊಟ್ಟರೆ, ಕಂಪ್ಯೂಟರ್ ಅದನ್ನು ಇಂಟರ್ನೆಟ್ಟಿಗೆ ಹಾಕುತ್ತದೆ. ನಕ್ಷೆಯ ಮೇಲೆ ಒಂದು ಕೆಂಪು ಚುಕ್ಕಿ ಮೂಡುತ್ತದೆ. ಇದಕ್ಕೆ ನಾವು ಗೇಟ್‌ವೇ ಅನ್ನುತ್ತಿದ್ದೆವು.

ಹೊಸ ಸಾಮಾನು ಕೊಳ್ಳುವುದು ಅಪ್ಪನ ಜಾಯಮಾನಕ್ಕೆ ಒಗ್ಗದ ಮಾತು. ರಾಂಜಣಗಾಂವದ ಯಾವುದೋ ಕಾರ್ಖಾನೆಯ ಕಾವಲುಗಾರರು ಬಳಸಿ ಬಿಸಾಕಿದ್ದ ಸೆಟ್ಟೊಂದು ಹಳೇ ಸಾಮಾನಿನ ಜುನಾ ಬಜಾರಿನಲ್ಲಿ ಸಿಕ್ಕಿತು. ಹಿಂಜವಾಡಿಯ ನನ್ನ ಆಫೀಸಿನಲ್ಲಿ ಗುಜರಿಗೆ ಹೊರಟಿದ್ದ ಕಂಪ್ಯೂಟರನ್ನು ಸಾಹೇಬರನ್ನು ಕೇಳಿ ಹೊತ್ತು ತಂದೆ. ಅದಕ್ಕೆ ಪಕ್ಕದ ಮುಚ್ಚಳವೇ ಇರಲಿಲ್ಲ. ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತಿತ್ತು. ಕೊಂಢವಾದ ನಮ್ಮ ಕಟ್ಟಡದ ತಾರಸಿ ಮೇಲೆ ಆಂಟೆನಾ ನಿಲ್ಲಿಸುವಾಗ ಸೊಸಾಯಿಟಿಯ ಸೆಕ್ರೆಟರಿ ಜಗಳಕ್ಕೆ ಬಂದ. "ಪಾಂಡುರಂಗಾಸಾಠೀ ಆಹೇ," ಪಾಂಡುರಂಗನಿಗೋಸ್ಕರ ಇದು, ಎಂದರು ಅಪ್ಪ. ಅವನು ಕೈ ಮುಗಿದು ಕೆಳಗಿಳಿದ.

ಜಿಪಿಎಸ್ ಸೆಟ್ಟನ್ನು ಅಪ್ಪ ಮೊದಲು ಸ್ಟೀಲಿನ ಡಬ್ಬಿಯೊಳಗೆ ಜೋಪಾನವಾಗಿ ಕೂಡಿಸಿದರು. ಎಷ್ಟು ಹೊತ್ತಾದರೂ ಚುಕ್ಕಿಯ ಸುಳಿವಿಲ್ಲ. ಸ್ಟೀಲಿನೊಳಗೆ ಉಪಗ್ರಹದ ಸಂಕೇತ ಎಲ್ಲಿಂದ ಬರಬೇಕು! ಇಷ್ಟು ವರ್ಷ ರೇಡಿಯೊ ಮಾಡಿದವರು ಹೀಗೆ ಮಾಡಿದ್ದಕ್ಕೆ ನಾನು ಒಂದು ವಾರ ಗೋಳು ಹೊಯ್ದುಕೊಂಡೆ. ಕಡೆಗೆ ಅವ್ವನ ಉಪ್ಪಿನಕಾಯಿಯ ಪ್ಲಾಸ್ಟಿಕ್ ಬರಣಿ ಕೆಲಸಕ್ಕೆ ಬಂತು.

ಅವ್ವನದೊಂದು ಪದ್ಧತಿ ಇತ್ತು. ಮದುವೆಯಾದಾಗಿನಿಂದ, ಅಪ್ಪ ಪರ ಊರಿಗೆ ಹೋದರೆ ಮುಟ್ಟಿದ ಸುದ್ದಿ ಬರುವವರೆಗೆ ಉಣ್ಣುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಬಂದ ಮೇಲೂ ಬಿಡಲಿಲ್ಲ. ಡಾಕ್ಟರು ಬೈದರು, ನಾನು ಬೈದೆ. ಅವಳು ಕೇಳಬೇಕಲ್ಲ!

ಅಪ್ಪನದು ಇನ್ನೊಂದು ಪದ್ಧತಿ. ಸೆಟ್ ಎಲ್ಲಿದೆಯೋ ಅದರ ಲೈಸೆನ್ಸ್‌ದಾರನೂ ಅಲ್ಲೇ ಇರಬೇಕು. ಸೆಟ್ ಚಾಲೂ ಇಟ್ಟು ನಾನು ಚಹಾ ಕುಡಿಯಲು ಎದ್ದರೂ, "ಅದೇನು ದೇವರ ದೀಪ ಏನೋ, ಹಚ್ಚಿಟ್ಟು ಹೋಗಾಕ?" ಎಂದು ಗದರುತ್ತಿದ್ದರು.

ಪಾಲಖಿಯ ದಿನ ಬೆಳಿಗ್ಗೆ ಬರಣಿಯನ್ನು ಚೀಲದಲ್ಲಿಟ್ಟುಕೊಂಡು ಅಪ್ಪ ಹೊರಟರು. ಘಾಟಿನ ನೆತ್ತಿಯ ಮೇಲೆ ನಮ್ಮ ರೇಡಿಯೊ ಗೆಳೆಯರು, ಆಚೆಯ ಕೂಗನ್ನು ಈಚೆಗೆ ದಾಟಿಸಲು ಒಂದು ಸೆಟ್ ಇಟ್ಟಿದ್ದರು. ಅವ್ವ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡಳು. ಚುಕ್ಕಿ ಹಡಪಸರ ದಾಟಿತು, ಮೆಲ್ಲಗೆ ಘಾಟಿನ ಬುಡಕ್ಕೆ ಬಂತು. ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ನಿಂತದ್ದು, ನೋಡನೋಡುತ್ತಿದ್ದಂತೆ ಘಾಟ್ ಹತ್ತಿ, ಇಳಿದು, ಮಧ್ಯಾಹ್ನದೊಳಗೆ ಸಾಸವಡದಲ್ಲಿ ಕುಳಿತುಬಿಟ್ಟಿತು.

"ಮುಟ್ಟಿದ್ರು, ಉಣ್ಣು," ಎಂದೆ.

"ಎರಡನೇ ಮಾಳಿಗಿ ಹತ್ತೂದ್ರಾಗ ಮೂರು ಸಲ ನಿಂದರ್ತಾರ ಅವರು," ಎಂದಳು ಅವ್ವ. "ಚೀಲ ಹತ್ತೇದ. ಅವರು ಹತ್ತಿಲ್ಲ."

ಆಗ ನನಗೆ ಹೊಳೆಯಿತು. ಪಾಲಖಿಯ ಜೊತೆ ನಡೆಯುವ ವಾರಕರಿಗಳ ಪ್ರತಿ ದಿಂಡಿಗೂ, ಅಂದರೆ ತಂಡಕ್ಕೂ, ಒಂದು ಟ್ರಕ್ ಇರುತ್ತದೆ. ಹಾಸಿಗೆ, ಪಾತ್ರೆ, ಗಂಟುಗಳನ್ನೆಲ್ಲ ಹೇರಿಕೊಂಡು ಅದು ಮುಂದೆ ಹೋಗುತ್ತದೆ. ಅಪ್ಪ ಮರೆತು ಚೀಲವನ್ನು ಅದಕ್ಕೆ ಕೊಟ್ಟಿದ್ದಾರೆ! ಈಗ ಅವರು ಘಾಟಿನಲ್ಲಿ ಎಲ್ಲಿದ್ದಾರೋ, ಹೇಗಿದ್ದಾರೋ. ಮೊಬೈಲನ್ನಂತೂ ಅವರು ಹತ್ತಿರ ಬಿಟ್ಟುಕೊಂಡವರಲ್ಲ. ನನಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು. ಅವ್ವ ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿ, ಕಂಪ್ಯೂಟರಿಗೆ ಬೆನ್ನು ಮಾಡಿ ಕುಳಿತಳು. ಗುಳಿಗೆಯನ್ನೂ ನುಂಗಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಸಾಸವಡದ ಬೂತಿನಿಂದ ಫೋನ್ ಬಂತು. ನಾನು ಎತ್ತಿದವನೇ ಹರಿಹಾಯ್ದೆ. "ಚೀಲ ಟ್ರಕ್ಕಿನ್ಯಾಗ ಮರೆತು ಏನ್ ಮಾಡಾಕತ್ತಿದ್ರಿ ಅಪ್ಪಾ?"

"ಮೆಲ್ಲಕ ಮಾತಾಡು," ಎಂದರು. ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ. "ಮರೆತಿಲ್ಲ. ಬೇಕಂತನ ಕಳಿಸೀನಿ. ನಾ ಕುಂತು ಎದ್ದು ಬರಾವಾ, ಸಂಜಿ ಆಗ್ತದ ಅಂತ ಗೊತ್ತಿತ್ತು. ಅಲ್ಲೀತನಕ ನಿಮ್ಮವ್ವ ಉಣ್ಣಂಗಿಲ್ಲ. ಸೆಟ್ ಆದ್ರೂ ಮೊದಲ ಮುಟ್ಲಿ ಅಂತ ಟ್ರಕ್ಕಿನ್ಯಾಗ ಹಾಕಿದೆ. ಉಂಡಾಳಿಲ್ಲೊ?"

ನನ್ನನ್ನು ಚಹಾಕ್ಕೆ ಏಳಲು ಬಿಡದಿದ್ದ ಮನುಷ್ಯ ಇವರೇ. ಉಂಡಿಲ್ಲ ಎಂದು ಹೇಳಹೋಗುವಷ್ಟರಲ್ಲಿ ಅವ್ವ ರಿಸೀವರ್ ಕಸಿದುಕೊಂಡಳು. ಅವರು ಅದನ್ನೇ ಮತ್ತೆ ಕೇಳಿರಬೇಕು.

"ಉಂಡೆನ್ರಿ," ಎಂದಳು. "ಮಧ್ಯಾಹ್ನನ ಉಂಡೆ. ನೀವು ಮುಟ್ಟಿದ್ದು ಕಂಡ್ತಲ್ಲ."

ಫೋನ್ ಇಟ್ಟು, ಕೈ ತೊಳೆದು, ಮುಚ್ಚಿಟ್ಟ ತಾಟಿನ ಮುಂದೆ ಕುಳಿತಳು. ರೊಟ್ಟಿ ಸೆಟೆದಿತ್ತು. ಉಪವಾಸದ ಕೈಗೆ ಅದನ್ನು ಮುರಿಯಲು ಆಗಲಿಲ್ಲ. ನಾನೇ ಮುರಿದು ಕೊಟ್ಟೆ.