ಮೇಷ್ಟ್ರ ಸೈಕಲ್ಲಿನ ಬೆಲ್ಲು

ಇವತ್ತು ಗುಜರಿ ಅಂಗಡಿಯಲ್ಲಿ ತುಕ್ಕು ಹಿಡಿದ ಸೈಕಲ್ ಬೆಲ್ಲೊಂದು ಕಣ್ಣಿಗೆ ಬಿತ್ತು.

ನಾನು ಹುಲಿಕೆರೆಯಿಂದ ಹಳೇಬೀಡಿನ ಹೈಸ್ಕೂಲಿಗೆ ನಡೆದು ಹೋಗುವುದನ್ನು ನೋಡಲಾರದೆ ಅಪ್ಪ ಒಂದು ಹಳೇ ಸೈಕಲ್ಲು ಕೊಡಿಸಿದ್ದರು. ಅದು ತೀರಿಕೊಂಡಿದ್ದ ಬಸ್ತಿಹಳ್ಳಿಯ ಮೇಷ್ಟ್ರದು. ಅವರ ಹೆಂಡತಿ ಸೀಟನ್ನು ಸೆರಗಿನಿಂದ ಒರೆಸಿ ಕೊಟ್ಟಿದ್ದರು.

ಮೊದಲ ದಿನ ಸಂಜೆ ಅವರ ಮನೆಯ ತಿರುವಿನಲ್ಲಿ ಹುರುಪಿನಿಂದ ಬೆಲ್ಲು ಹೊಡೆದೆ. ಆಕೆ ಕಾಲು ತೊಳೆಯುವ ನೀರಿನ ಚೊಂಬು ಹಿಡಿದು ಬಾಗಿಲಿಗೆ ಬಂದುಬಿಟ್ಟರು. ನನ್ನನ್ನು ಕಂಡು ಹಾಗೇ ನಿಂತರು.

ಮನೆಗೆ ಬಂದು ಹೇಳಿದೆ. "ಆ ಬೆಲ್ಲು ಬಿಚ್ಚಿಡು ಕಣ್ಲಾ, ಪಾಪ, ಆಯಮ್ಮನ ಹೊಟ್ಟೆ ಉರಿಸಬ್ಯಾಡ" ಅಂದಳು ಅವ್ವ. ಬಿಚ್ಚಿಟ್ಟೆ.

ವಾರ ಕಳೆದ ಮೇಲೆ ಆಕೆಯೇ ರಸ್ತೆಗೆ ಬಂದು ನನ್ನನ್ನು ನಿಲ್ಲಿಸಿದರು. ಬರಿದಾದ ಹ್ಯಾಂಡಲ್ಲನ್ನು ಸವರಿದರು.

"ಬೆಲ್ಲು ಎಲ್ಲೋ ಮಗಾ?"

"ನಿಮಗೆ ಬೇಜಾರಾಗುತ್ತೆ ಅಂತ ಅವ್ವ ಬಿಚ್ಚಿಸಿದ್ಲು."

"ಅದೊಂದು ಸದ್ದು ಉಳ್ಕೊಂಡಿತ್ತು ಕಣಪ್ಪ. ದಿನಾ ನೀರು ತುಂಬಿಟ್ಕೊಂಡು ಕಾಯ್ತಿದೀನಿ."

ಮರುದಿನದಿಂದ ಆ ತಿರುವಿನಲ್ಲಿ ಬೆಲ್ಲು ಹೊಡೆದು ಇಳಿದು, ಮೇಷ್ಟ್ರ ಜಗಲಿಯ ಮುಂದೆ ಕಾಲು ತೊಳೆದೇ ನಾನು ಊರಿಗೆ ಹೋಗುತ್ತಿದ್ದೆ.

ಗುಜರಿಯ ಬೆಲ್ಲನ್ನು ಒಮ್ಮೆ ಒತ್ತಿ ನೋಡಿದೆ. ಸದ್ದು ಹೊರಡಲಿಲ್ಲ. ಆದರೂ ಪಾದಗಳು ತಣ್ಣಗಾದವು.