ಆರು ದಿನ ಕಾಯಿಸುತ್ತಿದ್ದ ಆಪಾ

ಆಪಾ ಅವರ ಬಲಗೈಯ ಮೂರು ಬೆರಳುಗಳ ತುದಿ ವರ್ಷವಿಡೀ ನೇರಳೆ ಬಣ್ಣಕ್ಕಿರುತ್ತಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡುವ ಮೊದಲು ಜೀವಾಣುಗಳಿಗೆ ಹಚ್ಚುವ ಬಣ್ಣ ಅದು. ಸಾಬೂನಿಗೂ ಜಗ್ಗದು, ನಿಂಬೆಹಣ್ಣಿಗೂ ಜಗ್ಗದು. ಮದುವೆ ಮನೆಯಲ್ಲಿ ಉಳಿದ ಹೆಂಗಸರು ಮೆಹಂದಿ ತೋರಿಸಿದರೆ ಇವರು ಆ ಬೆರಳುಗಳನ್ನು ಚಾಚಿ, "ನಮ್ದು ಕಂಪನಿ ಮೆಹಂದಿ ರೀ, ಈದ್ ಮುಗಿದ್ರೂ ಹೋಗಂಗಿಲ್ಲ" ಎಂದು ನಗುತ್ತಿದ್ದರು.

ತೊಂಬತ್ತರ ದಶಕದ ಮಾತು. ಜೇವರ್ಗಿ ಕಾಲೋನಿಯ ಬಾಡಿಗೆ ಮನೆಯೊಂದರಲ್ಲಿ ನಮ್ಮ ಕಂಪನಿ. ಬಿತ್ತುವ ಮುಂಚೆ ತೊಗರಿ ಬೀಜಕ್ಕೆ ಹಚ್ಚುವ, ಬೇರಿನಲ್ಲಿ ಗಂಟು ಕಟ್ಟಿ ಬೆಳೆಗೆ ಸಾರ ಕೊಡುವ ಜೀವಾಣು ಗೊಬ್ಬರ ತಯಾರಿಸಿ, ಪಾಕೀಟು ಮಾಡಿ ಮಾರುತ್ತಿದ್ದೆವು. ಬೋರ್ಡಿನ ಮೇಲೆ ಬಯೋಟೆಕ್ ಎಂಬ ದೊಡ್ಡ ಪದ. ಒಳಗೆ ಅಡುಗೆಮನೆಯೇ ಲ್ಯಾಬು, ಒಂದು ಭಾರಿ ಪ್ರೆಶರ್ ಕುಕ್ಕರೇ ಗಾಜಿನ ಸಾಮಾನು ಶುದ್ಧ ಮಾಡುವ ಯಂತ್ರ. ಪಕ್ಕದ ಮನೆಗೆ ಟ್ಯೂಷನ್ನಿಗೆ ಬರುವ ಮಕ್ಕಳು ಅದರ ಸೀಟಿ ಕೇಳಿ, ಈ ಮನೆಯವರು ದಿನಕ್ಕೆ ಎಷ್ಟು ಸಲ ಉಣ್ಣುತ್ತಾರೆ ಎಂದು ಬೆರಗಾಗಿದ್ದರಂತೆ. ಮಾಲೀಕರು, ಆಪಾ, ಬಿಎಸ್ಸಿ ಮುಗಿಸಿ ಆಗತಾನೆ ಸೇರಿದ್ದ ನಾನು, ಪುಡಿ ತುಂಬುವ ನಾಲ್ಕು ಹೆಣ್ಣುಮಕ್ಕಳು, ಇಷ್ಟೇ ಸಂಸಾರ. ಲ್ಯಾಬು ನಡೆಸುವುದು, ಮಾಲು ಒಳ್ಳೆಯದೋ ಕೆಟ್ಟದ್ದೋ ಹೇಳುವುದು ಎರಡೂ ಆಪಾ ಕೆಲಸ. ವಯಸ್ಸಿನಲ್ಲಿ ನನ್ನ ತಾಯಿಯ ಸರೀಕರು. ಆದರೂ ಮಾಲೀಕರಿಂದ ಹಿಡಿದು ಎಲ್ಲರಿಗೂ ಆಪಾ, ಅಂದರೆ ಅಕ್ಕನೇ.

ಪ್ರತಿ ಬ್ಯಾಚಿನಿಂದ ಚೂರು ಪುಡಿ ತೆಗೆದು, ಕೆಂಪು ಬಣ್ಣ ಬೆರೆಸಿದ ಗಾಜಿನ ತಟ್ಟೆಗಳಲ್ಲಿ ಬೆಳೆಸಿ, ಕತ್ತಲೆಯ ಪೆಟ್ಟಿಗೆಯಲ್ಲಿ ಆರು ದಿನ ಇಡಬೇಕು. ನಮಗೆ ಬೇಕಾದ ಜೀವಾಣು ಬೆಳ್ಳಗೆ ಹನಿಯಂತೆ ಏಳುತ್ತದೆ. ಬೇಡದವು ಬಣ್ಣ ಹೀರಿ ಕೆಂಪಾಗುತ್ತವೆ. ನಮ್ಮದು ನಿಧಾನ, ಬೇಡದವಕ್ಕೆ ಅವಸರ. "ಕಳ್ಳರು ಮೊದಲ ಬರ್ತಾರ, ಮನಿಯವರು ಆಮ್ಯಾಲ" ಎನ್ನುತ್ತಿದ್ದರು ಆಪಾ. ನಾನು ಮೂರನೇ ದಿನವೇ ಪೆಟ್ಟಿಗೆಯ ಬಾಗಿಲಿಗೆ ಕೈ ಹಾಕಿದರೆ ಗದರುವರು: "ಸಬರ್ ಮಾಡೋ. ಅವು ನಿನ್ನ ನೌಕರರಲ್ಲ, ಕರೆದಾಗ ಓಡಿ ಬರಲಿಕ್ಕ."

ನನಗೆ ಸಬರ್, ಆ ತಾಳ್ಮೆ ಎಲ್ಲಿಯದು? ಮೃಗಶಿರಾ ಮಳೆ ಹಿಡಿದ ವಾರ ಆಪಾ ತಂಗಿಯ ಆಪರೇಶನ್ನೆಂದು ಹೈದರಾಬಾದಿಗೆ ಹೋಗಿದ್ದರು. ಕಮಲಾಪುರದ ಅಂಗಡಿಯವನು ಮಾಲು ಕಳಿಸಿರೆಂದು ದಿನಕ್ಕೆರಡು ಸಲ ಫೋನು ಮಾಡುತ್ತಿದ್ದ. ಮೂರನೇ ದಿನ ತಟ್ಟೆ ತೆಗೆದು ನೋಡಿದೆ. ಚುಕ್ಕೆಗಳು ದಂಡಿಯಾಗಿ ಎದ್ದಿದ್ದವು, ಬಣ್ಣ ಇನ್ನೂ ಸರಿಯಾಗಿ ಹತ್ತಿರಲಿಲ್ಲ. ತುಸು ಗುಲಾಬಿ ಕಂಡರೂ ಬಿಳಿಯೆಂದೇ ಎಣಿಸಿ, ರಿಜಿಸ್ಟರಿನಲ್ಲಿ ಪಾಸೆಂದು ಬರೆದು, ಆಪಾ ಸಹಿಯ ಜಾಗದಲ್ಲಿ ನನ್ನ ಸಹಿ ಜಡಿದೆ. ಅವತ್ತು ನನ್ನ ಎದೆ ಎರಡು ಗೇಣು ಉಬ್ಬಿದ್ದೂ ಖರೆ.

ಆರನೇ ದಿನ ಆಪಾ ಬಂದವರೇ ಚಪ್ಪಲಿ ಬಿಟ್ಟು ನೇರ ಪೆಟ್ಟಿಗೆಯ ಹತ್ತಿರ ಹೋದರು. ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ತುಂಬ ಕೆಂಪು, ಬಿಳಿಯದು ಹುಡುಕಿದರೆ ನಾಲ್ಕು.

"ಮಾಲು ಎಲ್ಲಿ?"

"ಕಮಲಾಪುರಕ್ಕ ಹೋಗ್ಯಾವ್ರಿ, ಆಪಾ."

ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಮಾಲೀಕರ ಹತ್ತಿರ ಹೋಗಿ, ಪಾಕೀಟು ವಾಪಸ್ ತರುತ್ತೇನೆ ಎಂದರು. ಮಾಲೀಕರು ತಲೆ ಮೇಲೆ ಕೈ ಹೊತ್ತರು.

"ಆಪಾ, ನಮ್ಮ ಹೆಸರು ಈಗರೆ ಚಿಗುರ್ಲಾಕತ್ತದ. ವಾಪಸ್ ಕೇಳಿದ್ರ ಮುಂದ ಯಾರ ನಂಬ್ತಾರ? ಬೀಜ ಮಣ್ಣಾಗ ಬಿದ್ದ ಮ್ಯಾಲ ಯಾರಿಗಿ ಗೊತ್ತಾಗ್ತದ್ರಿ?"

"ಬೇರು ಕಿತ್ತು ನೋಡಿದವರಿಗಿ ಗೊತ್ತಾಗ್ತದ. ಬೇರಿನಾಗ ಗಂಟು ಕಟ್ಯಾವೋ ಇಲ್ಲೋ ಕಿತ್ತು ನೋಡ್ರಿ ಅಂತ ಅವರಿಗಿ ಕಲಿಸಿದಾಕಿನೇ ನಾನು."

ಹಿಂದಿನ ಬ್ಯಾಚಿನಲ್ಲಿ ಉಳಿದ ಒಳ್ಳೆಯ ಪಾಕೀಟುಗಳನ್ನು ಒಂದು ಚೀಲಕ್ಕೆ ತುಂಬಿ, ಖಾಲಿ ಚೀಲವೊಂದನ್ನು ಮಡಚಿಕೊಂಡು ಆಪಾ, ನಾನು ಇಬ್ಬರೂ ಕಮಲಾಪುರದ ಬಸ್ಸು ಹತ್ತಿದೆವು. ಕಿಟಕಿ ಪಕ್ಕ ಕೂತು ಆಪಾ ಹೇಳಿದ್ದು ಒಂದೇ ಮಾತು: "ಅಲ್ಲಿ ಹೇಳಾವ ನೀನು."

ಕಮಲಾಪುರದ ಗೊಬ್ಬರದಂಗಡಿ ಮುಂದೆ ಎಂಟು ಹತ್ತು ಮಂದಿ ರೈತರು ಸೇರಿದ್ದರು. ಹಸಿ ಹವಾ, ಇವತ್ತು ನಾಳೆಯಲ್ಲಿ ಬಿತ್ತನೆ. "ಮಷೀನು ಕೆಟ್ಟಿತ್ರಿ, ಅದಕ್ಕ ಈ ಪಾಕೀಟು..." ಎಂದು ಶುರು ಮಾಡಿದೆ. ಆಪಾ ಎಲ್ಲರೆದುರೇ ನನ್ನ ತೋಳು ಹಿಡಿದರು.

"ಮಷೀನಿಗಿ ಬಾಯಿಲ್ಲ ಅಂತ ಅದರ ಮ್ಯಾಲ ಹಾಕಬ್ಯಾಡ. ಖರೆ ಹೇಳು."

ಹೇಳಿದೆ. ಆರು ದಿನ ಕಾಯಬೇಕಿತ್ತು, ಮೂರೇ ದಿನಕ್ಕೆ ಎಣಿಸಿದೆ, ಪಾಕೀಟಿನಲ್ಲಿ ಇರಬೇಕಾದ್ದು ಇಲ್ಲ, ತಪ್ಪು ನನ್ನದು. ಜಗುಲಿಯಲ್ಲಿ ಕೂತಿದ್ದ ಒಬ್ಬ ಹೆಣ್ಣುಮಗಳು ಎದ್ದು ನಿಂತಳು. ಒಬ್ಬಳೇ ಒಕ್ಕಲುತನ ಮಾಡುವಾಕೆ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು.

"ನಾ ಮುಂಜಾನೆನೇ ಬೆಲ್ಲದ ನೀರಾಗ ಕಲಸಿ ಬೀಜಕ್ಕ ಹಚ್ಚಿ ನೆರಳಿಗಿ ಹರವೀನಲ್ಲೋ ತಮ್ಮಾ! ಈಗ ಬೀಜ ಕೆಟ್ಟಂಗೇನು?"

"ಬೀಜಕ್ಕ ಏನೂ ಆಗಂಗಿಲ್ಲಕ್ಕಾ," ಆಪಾ ಮುಂದೆ ಬಂದರು, "ಆದ್ರ ಲಾಭಾನೂ ಇಲ್ಲ. ನಡಿ, ಹೊಸಾದು ಹಚ್ಚಿ ಕೊಡ್ತೀನಿ."

ಅವಳ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಬೆಲ್ಲದ ನೀರು ಕಲಸಿ, ಗೋಣಿಯ ಮೇಲಿನ ಬೀಜಕ್ಕೆ ಒಳ್ಳೆಯ ಪುಡಿಯನ್ನು ಆಪಾ ತಮ್ಮ ಕೈಯಾರೆ ಹಚ್ಚಿದರು. ನಾನು ಮನೆಮನೆ ತಿರುಗಿ ಕೆಟ್ಟ ಪಾಕೀಟು ಕೂಡಿಸಿದೆ. ಕೆಲವರು ಬೈದರು, ಒಬ್ಬರು ಚಹಾ ಕೊಟ್ಟರು. ಒಳ್ಳೆಯ ಪಾಕೀಟು ಮೂವರಿಗೆ ಸಾಲಲಿಲ್ಲ. ಅವರು ಏನೂ ಹಚ್ಚದ ಬೀಜವನ್ನೇ ಬಿತ್ತಿದರು. ಆ ಮೂವರ ಮುಖ ಇವತ್ತಿಗೂ ನೆನಪಿದೆ.

ಮರುದಿನ ಆಪಾ ರಿಜಿಸ್ಟರು ತೆರೆದಿಟ್ಟರು. ನಾನು ಬರೆದಿದ್ದರ ಮೇಲೆ ಒಂದೇ ಗೆರೆ ಎಳೆಸಿ, ಪಕ್ಕದಲ್ಲಿ ಖರೆ ಏನಾಯಿತೆಂದು ಬರೆಸಿದರು. ಹಾಳೆ ಹರಿದು ಹೊಸದು ಬರೆಯಲೇ ಎಂದು ಕೇಳಿದ್ದಕ್ಕೆ, "ಇದು ನಿನ್ನ ಪ್ರೇಮಪತ್ರ ಅಲ್ಲ, ಹರಿಲಿಕ್ಕ" ಎಂದರು. ಆಮೇಲೆ ಆ ವಿಷಯ ಒಮ್ಮೆಯೂ ಎತ್ತಲಿಲ್ಲ. ಮುಂದಿನ ಬ್ಯಾಚಿನ ತಟ್ಟೆಗಳನ್ನು ಎಣಿಸಲು ನನ್ನ ಕೈಗೇ ಕೊಟ್ಟರು. ಅಷ್ಟು ದೊಡ್ಡ ನಂಬಿಕೆಯನ್ನು ನನ್ನ ಮೇಲೆ ಅದಕ್ಕೆ ಮುಂಚೆ ಯಾರೂ ಇಟ್ಟಿರಲಿಲ್ಲ.

ಹತ್ತು ವರ್ಷ ಅವರ ಕೈಕೆಳಗೆ ದುಡಿದೆ. ವಯಸ್ಸಾಗಿ ಅವರು ಕೆಲಸ ಬಿಟ್ಟು ಎರಡೇ ವರ್ಷಕ್ಕೆ ತೀರಿಕೊಂಡರು. ಬೇಸಿಗೆ ಮುಗಿಯುವ ಹೊತ್ತು. ಮನೆಯವರನ್ನು ಮಾತಾಡಿಸಲು ಅವರ ಮನೆಗೆ ಹೋದಾಗ, ಹೆಂಗಸರ ನಡುವೆ ಕಮಲಾಪುರದ ಆ ಹೆಣ್ಣುಮಗಳು ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹೊರಗೆ ಬಂದು ನನ್ನನ್ನು ಗುರುತು ಹಿಡಿದಳು.

"ಖೊಟ್ಟಿ ಮಾಲು ಕೊಟ್ಟವರು ಭಾಳ ಮಂದಿ ನೋಡೀನಿ ತಮ್ಮಾ. ವಾಪಸ್ ಕೊಡ್ರಿ ಅಂತ ಬಂದಾಕಿ ಆಕಿ ಒಬ್ಬಾಕೇ." ಕಣ್ಣೊರೆಸಿಕೊಂಡಳು. "ಈಗ ಪಾಕೀಟಿನ ಮಾಲು ಯಾರು ನೋಡ್ತಾರ?"

"ನಾನೇ ನೋಡ್ತೀನಕ್ಕಾ."

"ಎಷ್ಟು ದಿನ ಇಡ್ತಿ?"

"ಆರು."

"ಹಂಗಾದ್ರ ಈ ಸಲಾನೂ ನಂಗ ನಾಕು ಪಾಕೀಟು ಇಡು" ಎಂದು ಸೆರಗು ಸರಿಮಾಡಿಕೊಂಡು ಬಸ್ಸಿಗೆ ಹೊರಟಳು.